ಅಂಗಾಲು ಒತ್ತಿ ಕಾಯಿಲೆ ಹೇಳಬಹುದೇ?

ಹುಬ್ಬಳ್ಳಿ-ಧಾರವಾಡದ ಮೇಳ, ಪ್ರದರ್ಶನಗಳಲ್ಲಿ ಪಾದ ಒತ್ತುವ ಮಳಿಗೆ ಕಂಡರೆ ಗೋಡೆಯ ಕಡೆ ನೋಡಿ. ಅಲ್ಲಿ ಅಂಗಾಲಿನ ಬಣ್ಣದ ನಕ್ಷೆ ಇರುತ್ತದೆ. ಹೆಬ್ಬೆರಳಲ್ಲಿ ತಲೆ, ನಡುವೆ ಕಿಡ್ನಿ. ಈ ಪದ್ಧತಿಗೆ ರಿಫ್ಲೆಕ್ಸಾಲಜಿ ಅನ್ನುತ್ತಾರೆ. "ಅಕ್ಕಾರ, ಇಲ್ಲಿ ಒತ್ತಿದ್ರ ನೋವಾಗ್ತೈತೇನ್ರಿ? ಹಂಗಾದ್ರ ಕಿಡ್ನಿ ತ್ರಾಸು ಐತಿ" ಅಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಪಾದ ಒತ್ತಿಸಿಕೊಂಡರೆ ಹಾಯೆನಿಸುತ್ತದೆ, ಅದರಲ್ಲಿ ತಕರಾರಿಲ್ಲ. ರೋಗ ಹೇಳುವುದು ಬೇರೆ ಮಾತು. ಆ ನಕ್ಷೆ ಹುಟ್ಟಿದ್ದು ಹೀಗೆ: 1910ರ ದಶಕದಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜ್‌ಗೆರಾಲ್ಡ್ ದೇಹವನ್ನು ಉದ್ದಕ್ಕೆ 10 ಪಟ್ಟಿಗಳಾಗಿ ಭಾಗ ಮಾಡಿದರು. 1930ರ ದಶಕದಲ್ಲಿ ಅಮೆರಿಕದವರೇ ಆದ ಯೂನಿಸ್ ಇಂಗಮ್ ಅದನ್ನು ಪಾದದ ನಕ್ಷೆಯಾಗಿ ಬೆಳೆಸಿದರು. ಕಿಡ್ನಿಗೂ ನಕ್ಷೆಯ ಆ ಚುಕ್ಕೆಗೂ ನೇರವಾಗಿ ಸೇರುವ ನರ ಯಾವುದೂ ಇಲ್ಲ.

ಕಾರಣ ತಿಳಿಯದಿದ್ದರೂ ಹೇಳಿದ್ದು ನಿಜ ಇರಬಹುದು, ಅಲ್ವಾ? ಅದಕ್ಕೇ ಪರೀಕ್ಷೆ ಬೇಕು. ಐವತ್ತು ದಾಟಿದವರಿಗೆ "ಸೊಂಟ ನೋವು, ಗ್ಯಾಸ್, ನಿದ್ದೆ ಕಡಿಮೆ" ಅಂದರೆ ಒಂದಾದರೂ ತಾಗುತ್ತದೆ. ನಡಿಗೆ, ಮುಖ, ಮಾತು ಎಲ್ಲವೂ ಸುಳಿವು ಕೊಡುತ್ತವೆ. ಹೀಗಾಗಿ ಪರೀಕ್ಷೆಯಲ್ಲಿ ಒತ್ತಿ ಹೇಳುವವರಿಗೆ ಪಾದ ಮಾತ್ರ ಕಾಣಬೇಕು. ಅದೇ ಪಾದವನ್ನು ಇನ್ನೊಬ್ಬರೂ ನೋಡಬೇಕು, ಮೊದಲಿನವರು ಏನೆಂದರು ಅನ್ನುವುದು ಅವರಿಗೆ ತಿಳಿಯಬಾರದು.

ಇಂಗ್ಲೆಂಡಿನಲ್ಲಿ ಇಂಥದೊಂದು ಪರೀಕ್ಷೆ ನಡೆದು 2000ದಲ್ಲಿ ಪ್ರಕಟವಾಯಿತು. 6 ಕಾಯಿಲೆಗಳನ್ನು ಗೊತ್ತು ಮಾಡಿ, ಅವುಗಳಲ್ಲಿ ಒಂದಾದರೂ ಇದ್ದ 18 ಜನರನ್ನು ದವಾಖಾನೆಯ ದಾಖಲೆ ನೋಡಿ ಆರಿಸಿದರು. ಪಾದ ನೋಡುವ ಇಬ್ಬರು ಪರಿಣತರಿಗೆ ಯಾರಿಗೆ ಏನಿದೆ ಅಂತ ಹೇಳಲಿಲ್ಲ. ಒಂದೊಂದು ಕಾಯಿಲೆಯೂ ಇರುವ ಸಾಧ್ಯತೆ ಎಷ್ಟು ಅಂತ ಅವರು ಅಂಕ ಕೊಡಬೇಕಿತ್ತು. ಆ ಅಂಕಗಳಿಂದ ಕಾಯಿಲೆ ಇದ್ದವರು ಯಾರು, ಇಲ್ಲದವರು ಯಾರು ಅಂತ ಬೇರ್ಪಡಿಸಲು ಆಗಲಿಲ್ಲ. ನನಗೆ ಇನ್ನೂ ದೊಡ್ಡದು ಅನಿಸಿದ್ದು ಬೇರೆ: ಇಬ್ಬರ ಅಂಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಹೇಳಿದ್ದು ಸರಿ ಅಂತೇನಲ್ಲ. ಆದರೆ ಒಂದೇ ಪಾದದ ಬಗ್ಗೆ ಇಬ್ಬರು ಎರಡು ಥರ ಹೇಳಿದರೆ ಯಾರನ್ನು ನಂಬುವುದು? 18 ಜನರ ಪರೀಕ್ಷೆ ಚಿಕ್ಕದೇ, ಒಪ್ಪುತ್ತೇನೆ. ಆದರೂ ನಕ್ಷೆ ನಂಬುವಂಥದ್ದು ಅಂತ ಅದು ತೋರಿಸಲಿಲ್ಲ.

ಪಾದದಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. ಶುಗರ್ ಇದ್ದವರ ಅಂಗಾಲಿಗೆ ವೈದ್ಯರು ತೆಳುವಾದ ನೈಲಾನ್ ಎಳೆಯನ್ನು ಅದು ಬಾಗುವವರೆಗೆ ಒತ್ತುತ್ತಾರೆ. ಅದು 10 ಗ್ರಾಂ ಬಲಕ್ಕೆ ಬಾಗುವಂತೆ ಮಾಡಿದ ಎಳೆ. ಕಣ್ಣು ಮುಚ್ಚಿದವರಿಗೆ ಅದು ತಾಗಿದ್ದೇ ಗೊತ್ತಾಗದಿದ್ದರೆ ಪಾದದ ಸ್ಪರ್ಶಜ್ಞಾನ ಕುಂದಿದೆ, ಗಾಯವಾದರೂ ತಿಳಿಯದೆ ಹೋಗಬಹುದು.

ನನಗೆ ಜಾಸ್ತಿ ಭಯ "ನಿಮಗೇನೂ ಇಲ್ರಿ" ಅನ್ನುವ ಮಾತಿನದು. ಕಿಡ್ನಿ ಕಾಯಿಲೆ ಎಷ್ಟೋ ಸಲ ಶುರುವಿನಲ್ಲಿ ನೋವೇ ಕೊಡುವುದಿಲ್ಲ. ಶುಗರ್, ಬಿಪಿ ಇದ್ದವರು ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ದವಾಖಾನೆಗೋ ಹತ್ತಿರದ ಬೇರೆ ದವಾಖಾನೆಗೋ ಹೋಗಿ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ), ಮೂತ್ರದ ಪ್ರೋಟೀನ್ ಎರಡನ್ನೂ ನೋಡಿಸಿಕೊಳ್ಳಿ.