ಯಾವ ಬ್ರಾಂಚ್? ವಾರ್ಡ್ ನೋಡಿ ಹೇಳಿ

ನಾನು ಸರ್ಜನ್ ಆಗ್ತೀನಿ ಅಂತ ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ನನ್ನ ಕೈ ಚೆನ್ನಾಗಿ ಓಡುತ್ತಿತ್ತು, ದೇಹರಚನೆ ಕಲಿಸುವ ಅನಾಟಮಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಕಾರಣ ಅಷ್ಟೇ.

ಆಮೇಲೆ ಸರ್ಜರಿ ಪೋಸ್ಟಿಂಗ್ ಬಂತು, ಅಂದರೆ ಆ ವಿಭಾಗದಲ್ಲಿ ಕೆಲಸ ನೋಡಿ ಕಲಿಯುವ ಸರದಿ. ಒಂದು ದಿನ ರಿಟ್ರಾಕ್ಟರ್ ಹಿಡಿದು ನಾಲ್ಕು ಗಂಟೆ ನಿಂತೆ. ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಕೊಕ್ಕೆಯಂಥ ಸಲಕರಣೆ ಅದು, ಹಿಡಿದವನು ಅಲ್ಲಾಡುವಂತಿಲ್ಲ. ಕೈ ಮರಗಟ್ಟಿತು. ಪಕ್ಕದಲ್ಲಿದ್ದ ಗೆಳೆಯನ ಕೈಯೂ ಮರಗಟ್ಟಿತ್ತು. ಆದರೆ ಅವನು ಕತ್ತು ಚಾಚಿ ಚಾಚಿ ಒಳಗೆ ನೋಡುತ್ತಲೇ ಇದ್ದ. ನನ್ನ ತಲೆ ತುಂಬಾ ಮೆಡಿಸಿನ್ ವಾರ್ಡಿನ ಒಬ್ಬ ರೋಗಿ. ಮೂರು ವಾರದಿಂದ ಜ್ವರ, ಕಾರಣ ಸಿಕ್ಕಿರಲಿಲ್ಲ. ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದವನೇ ಆ ರೋಗಿಯ ರಿಪೋರ್ಟ್ ನೋಡಲು ಓಡಿದೆ. ಆ ಗೆಳೆಯ ಈಗ ಸರ್ಜನ್, ನಾನು ಆಪರೇಷನ್ ಮಾಡದೆ ಔಷಧಿ ಕೊಡುವ ಫಿಸಿಷಿಯನ್.

'ಸಾರ್, ಬ್ರಾಂಚ್ (ಮುಂದೆ ತಜ್ಞರಾಗುವ ವಿಭಾಗ) ಯಾವಾಗ ತೀರ್ಮಾನ ಮಾಡಬೇಕು?' ಅಂತ ವಿದ್ಯಾರ್ಥಿಗಳು ಕೇಳಿದಾಗ ನನಗೆ ಆ ನಾಲ್ಕು ಗಂಟೆ ನೆನಪಾಗುತ್ತದೆ. ವಾರ್ಡ್ ನೋಡುವ ಮೊದಲಂತೂ ಬೇಡ ಅನ್ನುತ್ತೇನೆ. ಮೊದಲ ವರ್ಷಗಳಲ್ಲಿ ನಮಗೆ ಇಷ್ಟವಾಗುವುದು ಪಾಠ. ಕೆಲಸ ಹೇಗಿರುತ್ತದೆ ಅನ್ನುವುದು ಆಗ ಗೊತ್ತೇ ಇರುವುದಿಲ್ಲ. ಅನಾಟಮಿ ಹಿಡಿಸಿತು ಅಂದ ಮಾತ್ರಕ್ಕೆ ಸರ್ಜನ್ನೇ ಆಗಬೇಕಿಲ್ಲ. ದಿನವಿಡೀ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗೂ ಅನಾಟಮಿಯೇ ಬಂಡವಾಳ. ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಸುವ ಫಿಸಿಯಾಲಜಿಯ ಹುಚ್ಚು ಹಿಡಿದವರಲ್ಲಿ ಕೆಲವರು ಕೊನೆಗೆ ಅನಸ್ತೇಷಿಯಾದಲ್ಲೋ ಐಸಿಯುನಲ್ಲೋ ನೆಲೆ ಕಂಡುಕೊಳ್ಳುತ್ತಾರೆ. ಆ ಎರಡು ಬ್ರಾಂಚ್‌ಗಳ ಹೆಸರು ಮೊದಲ ವರ್ಷದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಅಲ್ವಾ?

ವಾರ್ಡಿಗೆ ಬಂದ ಮೇಲೆ ಇನ್ನೊಂದು ತೊಡಕು. ಮೇಷ್ಟ್ರು ಚೆನ್ನಾಗಿದ್ದರೆ ಬ್ರಾಂಚೂ ಚೆನ್ನಾಗಿ ಕಾಣುತ್ತದೆ. ಸಿಡುಕು ಸೀನಿಯರ್ ಸಿಕ್ಕರೆ ಆ ಬ್ರಾಂಚಿನ ಕಡೆ ತಲೆ ಹಾಕಿ ಮಲಗುವುದೂ ಬೇಡ ಅನ್ನಿಸುತ್ತದೆ. ಸಾಧ್ಯವಾದರೆ ಅದೇ ವಿಭಾಗದ ಬೇರೆ ಯೂನಿಟ್‌ನಲ್ಲಿ ನಾಲ್ಕು ದಿನ ಕೂತು ನೋಡಿ.

ಮುಖ್ಯವಾಗಿ ನೋಡಬೇಕಾದ್ದು ಆ ಬ್ರಾಂಚಿನ ಮಾಮೂಲಿ ಕೆಲಸ. ಅಪರೂಪದ ಕೇಸ್ ಯಾರಿಗೆ ತಾನೆ ಕುತೂಹಲ ಹುಟ್ಟಿಸುವುದಿಲ್ಲ? ಚರ್ಮದ ಡಾಕ್ಟರ ಓಪಿಡಿಯಲ್ಲಿ (ಹೊರರೋಗಿಗಳನ್ನು ನೋಡುವ ಕಡೆ) ಮೊಡವೆ, ಹುಳುಕಡ್ಡಿ, ಇಸುಬು ಮತ್ತೆ ಮತ್ತೆ ಬರುತ್ತವೆ. ಕಿವಿ-ಮೂಗು-ಗಂಟಲಿನವರು ಕಿವಿಯ ಗುಗ್ಗೆ ತೆಗೆದು ತೆಗೆದು ಸುಸ್ತಾಗಿರುತ್ತಾರೆ. ಕಾರ್ಡಿಯಾಲಜಿಸ್ಟ್ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಸ್ಟೆಂಟ್. ಅವರ ಓಪಿಡಿಯ ಬಹುಪಾಲು ಹೋಗುವುದು ಬಿಪಿ ನೋಡುವುದರಲ್ಲಿ, ಮಾತ್ರೆ ಹೆಚ್ಚು ಕಮ್ಮಿ ಮಾಡುವುದರಲ್ಲಿ, 'ಸಿಗರೇಟ್ ಬಿಟ್ರಾ?' ಅಂತ ಕೇಳುವುದರಲ್ಲಿ. ಬೆಳಗ್ಗಿನಿಂದ ಅದೇ ತೊಂದರೆಯ ಹತ್ತೊಂಬತ್ತನೇ ರೋಗಿ ಎದುರು ಕೂತಾಗಲೂ ಒಂದು ಪ್ರಶ್ನೆ ಜಾಸ್ತಿ ಕೇಳೋಣ ಅನ್ನಿಸಿದರೆ ಅಲ್ಲೇನೋ ಇದೆ ಅಂತ ಅರ್ಥ. ಜೊತೆಗೆ, ಪಿಜಿಗಳ (ತಜ್ಞರಾಗಲು ಓದುತ್ತಿರುವ ಡಾಕ್ಟರುಗಳ) ರಾತ್ರಿ ಡ್ಯೂಟಿ ನೋಡಿ ಹೆದರಬೇಡಿ, ಮರುಳಾಗಲೂ ಬೇಡಿ. ಐವತ್ತು ದಾಟಿದ ಸೀನಿಯರ್ ದಿನ ಹೇಗಿದೆ ನೋಡಿ. ತರಬೇತಿ ಕೆಲವೇ ವರ್ಷ, ಆಮೇಲಿನ ಕೆಲಸ ಮೂವತ್ತು ವರ್ಷ.

ಆದರೆ ಬ್ರಾಂಚ್ ಆರಿಸುವ ಗಡುವು ನಮ್ಮ ಮನಸ್ಸು ಮಾಗುವವರೆಗೆ ಕಾಯುವುದಿಲ್ಲ. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲಿನ ಕೊನೆಯ ವರ್ಷದ ಆರಂಭದಲ್ಲೇ ರೆಸಿಡೆನ್ಸಿಗೆ, ಅಂದರೆ ತಜ್ಞರಾಗುವ ತರಬೇತಿಗೆ, ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲಿ ಪದವಿಯಾದ ಮೇಲೆ 2 ವರ್ಷ ಬೇರೆ ಬೇರೆ ವಿಭಾಗಗಳಲ್ಲಿ ಫೌಂಡೇಷನ್ ತರಬೇತಿ ಇದೆ, ಹಾಗಾಗಿ ಉಸಿರಾಡಲು ಸ್ವಲ್ಪ ಜಾಗ. ಅದು ಮುಗಿದ ಮೇಲೂ ಒಂದು ವರ್ಷ ಬಿಟ್ಟು ಯೋಚಿಸುವವರು ಅಲ್ಲಿ ಬೇಕಾದಷ್ಟು. ಭಾರತದಲ್ಲಿ 1 ವರ್ಷದ ಇಂಟರ್ನ್‌ಶಿಪ್ ಸಿಗುತ್ತದೆ, ಆದರೆ ಎಷ್ಟೋ ಜನರಿಗೆ ಅದು ಪಿಜಿ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಓದಿನಲ್ಲೇ ಕರಗುತ್ತದೆ. ರ‍್ಯಾಂಕ್ ಬಂದ ಮೇಲೆ ಉಳಿದ ಸೀಟುಗಳಲ್ಲಿ ಆರಿಸಿಕೊಳ್ಳಬೇಕು. ಅಲ್ಲಿ ಒಂದೇ ಬ್ರಾಂಚನ್ನು ಜಪಿಸುತ್ತಾ ಕೂತವರ ಗತಿ ಕಷ್ಟ. ಮೂರು ಹೆಸರು ಮನಸ್ಸಿನಲ್ಲಿರಲಿ.

ಪೋಸ್ಟಿಂಗ್‌ಗಳ ಸರದಿಯನ್ನೂ ಒಮ್ಮೆ ನೋಡಿಕೊಳ್ಳಿ. ನಿಮಗೆ ಒಲವಿರುವ ವಿಭಾಗ ಗಡುವಿನ ಆಚೆ ಬಿದ್ದಿದ್ದರೆ, ಮೊದಲೇ ಹೋಗಿ ಅಲ್ಲಿನ ಓಪಿಡಿಯಲ್ಲಿ ಕೂರಲು ಅನುಮತಿ ಕೇಳಿ. ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಬೇಗ ತೀರ್ಮಾನಿಸಿದವರೆಲ್ಲ ತಪ್ಪು ಅಂತಲ್ಲ. ಎರಡನೇ ವರ್ಷದ ಒಬ್ಬ ಹುಡುಗಿ ನನ್ನ ಹತ್ತಿರ ಬಂದು 'ಸೈಕಿಯಾಟ್ರಿ ಮಾಡ್ತೀನಿ ಸಾರ್' ಅಂದಿದ್ದಳು. 'ಈಗಲೇ ಯಾಕಮ್ಮ, ಸುಮ್ನೆ ಓದು' ಅಂದು ಕಳಿಸಿದ್ದೆ. ಅವಳು ಸೈಕಿಯಾಟ್ರಿಯನ್ನೇ ಮಾಡಿದಳು. ನಾನು ಹೇಳಬೇಕಿದ್ದದ್ದು 'ಹಾಗಾದರೆ ನಾಳೆಯಿಂದಲೇ ಆ ಓಪಿಡಿಗೆ ಹೋಗಿ ಕೂತ್ಕೋ' ಅಂತ. ಪೈಪೋಟಿ ಜಾಸ್ತಿ ಇರುವ, ಸಂಶೋಧನೆಯ ಅನುಭವ ಕೇಳುವ ಬ್ರಾಂಚ್‌ಗಳಿಗೆ ಬೇಗ ಶುರು ಮಾಡಿದವರಿಗೆ ಅನುಕೂಲವೇ.

ಪ್ರತಿ ಪೋಸ್ಟಿಂಗ್‌ನ ಕೊನೆಯ ದಿನ ಒಂದು ಪುಟ ಬರೆದಿಡಿ. ಯಾವ ದಿನ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಯಾವ ದಿನ ಗಡಿಯಾರ ನೋಡಿದಿರಿ, ಯಾವ ಕೇಸನ್ನು ಮನೆಗೆ ಹೋದ ಮೇಲೂ ಪುಸ್ತಕ ತೆಗೆದು ಓದಿದಿರಿ. ಎರಡು ತಿಂಗಳು ಕಳೆದರೆ ಇವೆಲ್ಲ ಮರೆತು, 'ಆ ವಿಭಾಗದಲ್ಲಿ ಗೆಳೆಯರು ಚೆನ್ನಾಗಿದ್ರು' ಅನ್ನುವುದಷ್ಟೇ ಉಳಿಯುತ್ತದೆ.

ಗಡುವು ಬಂದರೂ ಮನಸ್ಸು ಎರಡಾಗಿದ್ದರೆ? ಮುಂದೆ ಕವಲೊಡೆಯುವ ಬ್ರಾಂಚ್ ಹಿಡಿಯಿರಿ ಅನ್ನುತ್ತೇನೆ. ಜನರಲ್ ಮೆಡಿಸಿನ್ ಮುಗಿಸಿದವರು ಹೃದಯ, ಕಿಡ್ನಿ, ಜಠರ, ಕ್ಯಾನ್ಸರ್ ಯಾವ ಕಡೆಗಾದರೂ ಹೊರಳಬಹುದು. ಕಣ್ಣಿನ ವಿಭಾಗಕ್ಕೆ ಹೋದವರು ಮುಂದೆ ಏನೇ ವಿಶೇಷ ಓದಿದರೂ ಕಣ್ಣಿನೊಳಗೇ. ಕಣ್ಣೇ ಬೇಕು ಅನ್ನುವವರಿಗೆ ಅದು ತೊಂದರೆಯೇ ಅಲ್ಲ ಬಿಡಿ.