ಮಾತು ಬಾಯಿಪಾಠ ಇತ್ತು, ಹೆಸರು ತಡವಾಗಿ ಬಂತು

ಕಲಬುರಗಿಯ ಒಂದು ಹವ್ಯಾಸಿ ತಂಡದ ತಾಲೀಮು. ರಾಜನ ಪಾರ್ಟು ಮಾಡುವವರು ಮಾತು ಮರೆತು ನಿಂತರು. ಪ್ರಾಂಪ್ಟರ್ ಪುಟ ಹುಡುಕುವಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಆ ಸಾಲು ಕೇಳಿಬಂತು. ರಾಜನದೇ ಏರಿಳಿತ, ಅವರು ನಡುವೆ ಕೆಮ್ಮುವ ಕೆಮ್ಮಿನ ಸಮೇತ. ಹೇಳಿದವಳು ಇಪ್ಪತ್ತೆರಡರ ಹುಡುಗಿ. ಕೈ ಎರಡೂ ಕಿವಿಯ ಮೇಲೆ, ಕಣ್ಣು ನೆಲದ ಮೇಲೆ.

"ಇಡೀ ನಾಟಕ ಆಕಿ ಬಾಯಾಗ ಅದ ನೋಡ್ರಿ" ಎಂದರು ತಾಯಿ. "ನೀರು ಬೇಕಂದ್ರ ಕೇಳವಾ ಅಂದ್ರ ಮಾತ್ರ ಬಾಯಿ ತೆಗಿಯಲ್ಲ."

ಅವಳಿಗೆ ಆಟಿಸಂ ಇದೆ, ಮಾತು, ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ. ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುತ್ತೇವೆ. ತನ್ನೊಳಗೇ ಲೀನವಾದವಳು ಎಂಬ ಅರ್ಥ ಈ ಹುಡುಗಿಗೆ ಒಪ್ಪುವುದೇ ಇಲ್ಲ ಎಂದು ನನಗನಿಸುತ್ತದೆ. ರಂಗದ ಮೇಲೆ ಯಾರು ಎಲ್ಲಿ ಕಾಲಿಡಬೇಕು ಎಂಬುದೆಲ್ಲ ಅವಳಿಗೆ ಗೊತ್ತು.

ಕೇಳಿದ್ದನ್ನೇ ಮರಳಿ ಹೇಳುವ ಈ ಅಭ್ಯಾಸವನ್ನು ವೈದ್ಯರು ಎಕೊಲಾಲಿಯಾ ಎನ್ನುತ್ತಾರೆ. ನಾವು ಗಿಳಿಪಾಠ ಎಂದು ನಕ್ಕು ಬಿಡುತ್ತೇವೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ಬೇರೊಂದು ಸ್ಥಿತಿಯಾಗಿ ಗುರುತಾದದ್ದು. ಅದರಲ್ಲಿ ಮೊದಲು ಬರುವ ಹುಡುಗ ಡೊನಾಲ್ಡ್. ಒಂದು ವರ್ಷಕ್ಕೇ ಹಲವು ಹಾಡುಗಳನ್ನು ಸ್ವರ ತಪ್ಪದೆ ಗುನುಗುತ್ತಿದ್ದನಂತೆ. ಅಂದರೆ ಆಟಿಸಂನ ದಾಖಲೆ ಶುರುವಾಗುವುದೇ ಒಂದು ಹಾಡುವ ಮಗುವಿನಿಂದ. ಆದರೂ ಮುಂದಿನ ಕೆಲವು ದಶಕಗಳ ಚರ್ಚೆ ಹಾಡಿನ ಕಡೆ ಹೋಗಲಿಲ್ಲ, ತಾಯಂದಿರ ಮೇಲೆ ಹೋಯಿತು. ತಾಯಿಯ ಪ್ರೀತಿ ಸಾಲದ್ದಕ್ಕೆ ಮಗು ಹೀಗಾಗಿದೆ ಎಂಬ ವಾದವನ್ನು ಚಿಕಾಗೋದಲ್ಲಿ ಇಂಥ ಮಕ್ಕಳ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರಲ್ಲೂ ಪುಸ್ತಕ ಬರೆದು ಸಾರಿದ. ಅದಕ್ಕೂ ಮೂರು ವರ್ಷ ಮೊದಲೇ, 1964ರಲ್ಲಿ, ಇದು ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ ಎಂದು ಬರೆದಿದ್ದವರು ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್, ಅಂಥದೇ ಮಗುವಿನ ತಂದೆ. ಗಿಳಿಪಾಠಕ್ಕೂ ಅರ್ಥವಿದೆ, ಮಗು ಆ ಸಾಲುಗಳಿಂದಲೇ ಕೇಳುತ್ತದೆ, ಒಪ್ಪುತ್ತದೆ, ತನ್ನನ್ನು ಸಮಾಧಾನ ಮಾಡಿಕೊಳ್ಳುತ್ತದೆ ಎಂದು ಮಾತು-ಭಾಷೆಯ ತಜ್ಞ ಬ್ಯಾರಿ ಪ್ರಿಜಾಂಟ್ ಮತ್ತು ಸಂಗಡಿಗರು ತೋರಿಸುವಷ್ಟರಲ್ಲಿ 1980ರ ದಶಕ ಬಂದಿತ್ತು.

ತಾಯಿಯನ್ನು ದೂರುವುದು ನಮ್ಮ ಓಣಿಗಳಲ್ಲಿ ಇನ್ನೂ ನಿಂತಿಲ್ಲ. "ಟಿವಿ ಮುಂದ ಕೂಡಿಸಿದ್ದಕ್ಕ ಹಿಂಗಾಗ್ಯಾದ" ಎಂದು ಈ ತಾಯಿಯೂ ಕೇಳಿಸಿಕೊಂಡಿದ್ದಾರೆ.

ಹುಡುಗಿಯರ ಮಟ್ಟಿಗೆ ತಡ ಇನ್ನೂ ಹೆಚ್ಚು. ಕ್ಯಾನರ್‌ನ 11 ಮಕ್ಕಳಲ್ಲಿ ಹುಡುಗಿಯರು ಮೂವರೇ. 1944ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ವಿವರಿಸಿದ ನಾಲ್ವರೂ ಹುಡುಗರು. ಹೀಗೆ ಹುಡುಗರನ್ನು ನೋಡಿ ಕಟ್ಟಿದ ಲಕ್ಷಣಗಳ ಪಟ್ಟಿಯಲ್ಲಿ ಹುಡುಗಿಯರು ತಪ್ಪಿಸಿಕೊಂಡರು. ಹಲವರು ಸುತ್ತಲಿನವರ ನಗು, ನಿಲುವು, ಮಾತಿನ ಧಾಟಿಯನ್ನು ನೋಡಿ ನೋಡಿ ಕಲಿತು ತಮ್ಮ ತೊಡಕನ್ನು ಮುಚ್ಚಿಕೊಳ್ಳುತ್ತಾರೆ. ಒಂದು ಲೆಕ್ಕದಲ್ಲಿ ದಿನವಿಡೀ ಪಾರ್ಟು ಮಾಡುತ್ತಾರೆ. ನಮ್ಮಲ್ಲಂತೂ ಮೂಲೆ ಹಿಡಿದು ಕೂತ ಹುಡುಗಿಗೆ "ಬಾಳ ಶಾಣ್ಯಾಕಿ, ತಂಟಿ ಇಲ್ಲ" ಎಂಬ ಹೊಗಳಿಕೆ. ಡಾಕ್ಟರ ಹತ್ತಿರ ಯಾರು ಕರೆದೊಯ್ಯುತ್ತಾರೆ?

ಇವಳನ್ನು ಆರನೇ ವಯಸ್ಸಿಗೆ ಕರೆದೊಯ್ದಾಗ ಸಿಕ್ಕ ಸರ್ಟಿಫಿಕೇಟಿನಲ್ಲಿ ಇದ್ದದ್ದು ಬುದ್ಧಿಮಾಂದ್ಯತೆ ಎಂಬ ಪದ. ಬರೆದವರನ್ನಷ್ಟೇ ದೂರಿ ಫಲವಿಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯನ್ನು ಮಾತ್ರ ಗುರುತಿಸಿತ್ತು, ಆಟಿಸಂ ಅದರಲ್ಲಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. ಆದರೆ ಅದರ ಒತ್ತು ಪಾಲನೆ, ಕಾನೂನುಬದ್ಧ ಪೋಷಕತ್ವದ ಮೇಲೆ. ಆಟಿಸಂ ಅಳೆಯಲು ನಮ್ಮದೇ ಮಾನದಂಡ ರೂಪುಗೊಂಡದ್ದು ಸಿಕಂದರಾಬಾದಿನ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯಲ್ಲಿ: 40 ಅಂಶ, ಅಂಕ 70 ಮುಟ್ಟಿದರೆ ಆಟಿಸಂ. ಕೊನೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂಗೆ ಜಾಗ ಕೊಟ್ಟಿತು. ಅದರ 29ನೇ ಕಲಮನ್ನು ಓದಿದವರು ಕಡಿಮೆ. ಅಂಗವಿಕಲ ಕಲಾವಿದರಿಗೆ ಸೌಲಭ್ಯ, ಪ್ರಾಯೋಜನೆ ಸಿಗಬೇಕು, ಕಲಾ ಕೋರ್ಸುಗಳನ್ನು ಅವರೂ ಕಲಿಯುವಂತೆ ಮಾರ್ಪಡಿಸಬೇಕು ಎನ್ನುತ್ತದೆ ಅದು. ರ‍್ಯಾಂಪು, ಬಸ್ ಪಾಸಿನ ಆಚೆ ನಮ್ಮ ಬೇಡಿಕೆ ಹೋಗದಿರುವುದು ನನಗೆ ಬೇಸರದ ಸಂಗತಿ.

ಏಕೆಂದರೆ ಈ ಸೀಮೆಯ ಅಂಗವಿಕಲರಿಗೆ ಕಲೆ ಹೊಸ ದಾರಿಯಲ್ಲ. ಉತ್ತರ ಕರ್ನಾಟಕದಲ್ಲಿ ಮಗುವಿಗೆ ಕಣ್ಣಿಲ್ಲ ಎಂದರೆ ಹಿರಿಯರ ಬಾಯಿಗೆ ಮೊದಲು ಬರುತ್ತಿದ್ದ ಊರು ಗದಗ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಅಲ್ಲಿ ಕಲಿತವರಿಗೆ ಹಾರ್ಮೋನಿಯಂ, ತಬಲಾ ಅನ್ನದ ದಾರಿಯಾಯಿತು. ಕುರುಡುತನ ಕಣ್ಣಿಗೆ ಕಾಣುತ್ತದೆ, ಹಾಗಾಗಿ ದಾರಿಯೂ ಹುಟ್ಟಿತು. ಆಟಿಸಂ ಕಾಣುವುದಿಲ್ಲ. ಜೊತೆಗೆ ಹೆಣ್ಣು ಬಣ್ಣ ಹಚ್ಚುವುದರ ಬಗೆಗಿನ ಹಳೆಯ ಅಳುಕು ಬೇರೆ. ನಮ್ಮ ಬಯಲಾಟಗಳಲ್ಲಿ ಹೆಣ್ಣಿನ ಪಾರ್ಟನ್ನೂ ಬಹುಮಟ್ಟಿಗೆ ಗಂಡಸರೇ ಮಾಡಿಕೊಂಡು ಬಂದವರು.

ಕಲೆಯಿಂದ ಆಟಿಸಂ "ಗುಣವಾಗುತ್ತದೆ" ಎಂದು ಮಾರುವವರ ಬಗ್ಗೆ ಹುಷಾರಾಗಿರಬೇಕು. ಒಂಬತ್ತು ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಗೀತ ಚಿಕಿತ್ಸೆಯಿಂದ ಲಕ್ಷಣಗಳ ತೀವ್ರತೆ ಇಳಿದದ್ದು ಕಂಡುಬರಲಿಲ್ಲ. ಇಳಿಯಲೇಬೇಕೆಂದೇನು? ಬೇರೆ ಹುಡುಗಿ ನಾಟಕ ಇಷ್ಟಪಟ್ಟರೆ ಅದನ್ನು ಹವ್ಯಾಸ ಎನ್ನುತ್ತೇವೆ, ಇವಳು ಇಷ್ಟಪಟ್ಟರೆ ಥೆರಪಿ.

ತಂಡಕ್ಕೆ ಮಾಡಬೇಕಾಗಿ ಬಂದದ್ದು ಬಹಳವೇನಿಲ್ಲ. ಹಲಗಿ ಬಾರಿಸುವ ಮೊದಲು ಅವಳಿಗೆ ಕೈ ಎತ್ತಿ ತೋರಿಸುತ್ತಾರೆ. ನಿಲ್ಲುವ ಜಾಗಕ್ಕೆ ಸುಣ್ಣದಲ್ಲಿ ಗುರುತು. ಲೈಟು ಥಟ್ಟನೆ ಬೀಳದೆ ಮೆಲ್ಲಗೆ ಏರುತ್ತದೆ. ತಾಲೀಮಿನ ಹೊತ್ತು ಬದಲಾದರೆ ಹಿಂದಿನ ದಿನವೇ ಹೇಳಬೇಕು. ನಿಜ ಹೇಳಬೇಕೆಂದರೆ ಈ ಕೊನೆಯದೇ ತಂಡದವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ತಾಯಿ ಒಂದು ವಾರ ಯೋಚಿಸಿ ಒಪ್ಪಿದ ಮೇಲೆ ಅವಳಿಗೆ ದೂತನ ಪಾರ್ಟು ಸಿಕ್ಕಿತು, ನಾಲ್ಕು ಸಾಲಿನದು. ಪ್ರದರ್ಶನದ ದಿನ ಸುಣ್ಣದ ಗುರುತಿನ ಮೇಲೆ ಬಂದು ನಿಂತಳು. ನಾಲ್ಕೂ ಸಾಲು ಹೇಳಿದಳು. ಅಷ್ಟಕ್ಕೇ ನಿಲ್ಲದೆ ರಾಜನ ಉತ್ತರವನ್ನೂ ಹೇಳಿದಳು, ಕೆಮ್ಮಿನ ಸಮೇತ. ರಾಜರು ಗಂಭೀರವಾಗಿ ತಲೆಯಾಡಿಸಿದರು.