ಸೆರಾಮಿಕ್ ಇದ್ದಿಲು ಗ್ರಿಲ್ ಸಾಕಷ್ಟು ಕಾಯದಿದ್ದಾಗ: ದೋಷ ಹುಡುಕುವ ಕ್ರಮ

ಕಮಾಡೊ ಮಾದರಿಯ, ಅಂದರೆ ದಪ್ಪ ಗೋಡೆಯ ಮೊಟ್ಟೆಯಾಕಾರದ, ಸೆರಾಮಿಕ್ ಗ್ರಿಲ್‌ನ ಕೆಳಬಾಗಿಲು, ಮೇಲ್ಕಿಂಡಿ ಎರಡನ್ನೂ ಪೂರ್ತಿ ತೆರೆದಿಟ್ಟು ಮುಕ್ಕಾಲು ಗಂಟೆ ಕಳೆದರೂ ಮುಚ್ಚಳದ ಥರ್ಮಾಮೀಟರಿನ ಮುಳ್ಳು 180 ಅಥವಾ 200 ಡಿಗ್ರಿ ಸೆಲ್ಸಿಯಸ್ ದಾಟದೆ ನಿಂತುಬಿಡುವುದುಂಟು. ಸುಸ್ಥಿತಿಯಲ್ಲಿರುವ ಗ್ರಿಲ್ ಅಷ್ಟು ಹೊತ್ತಿಗೆ 300 ಡಿಗ್ರಿಯನ್ನು ಮೀರಿರಬೇಕು. ಪಿಜ್ಜಾ ಬೇಯಿಸುವುದಕ್ಕೂ ಮಾಂಸದ ಹೊರಮೈಯನ್ನು ಕೆಂಪಗೆ ಸುಡುವುದಕ್ಕೂ ಆ ಮಟ್ಟದ ಕಾವೇ ಬೇಕು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇನ್ನಷ್ಟು ಇದ್ದಿಲು ಸುರಿಯುತ್ತಾರೆ, ಇಲ್ಲವೇ ಇದ್ದಿಲು ಮಾರಿದವನನ್ನು ಬೈಯುತ್ತಾರೆ. ಆದರೆ ದೋಷ ಬಹುಮಟ್ಟಿಗೆ ಇರುವುದು ಗಾಳಿಯ ದಾರಿಯಲ್ಲಿ, ಅದರಲ್ಲೂ ಕಣ್ಣಿಗೆ ಕಾಣದ ಕೆಳಭಾಗದಲ್ಲಿ. ಆದ್ದರಿಂದ ಈ ಟಿಪ್ಪಣಿಯಲ್ಲಿ ಗಾಳಿಗೆ ಹೆಚ್ಚು ಜಾಗ ಕೊಟ್ಟು, ಉಳಿದ ಕಾರಣಗಳನ್ನು ಚುಟುಕಾಗಿ ನೋಡಲಾಗಿದೆ.

ಗಾಳಿಯ ಸೆಳೆತ ಎಷ್ಟು ದುರ್ಬಲ

ಜಪಾನಿನಲ್ಲಿ ಅನ್ನ ಬೇಯಿಸಲು ಬಳಸುತ್ತಿದ್ದ ಕಮಾಡೊ ಎಂಬ ಮಣ್ಣಿನ ಒಲೆಗಳನ್ನು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ತಮ್ಮ ದೇಶಕ್ಕೆ ಒಯ್ದರು. 1974ರಲ್ಲಿ ಅಟ್ಲಾಂಟಾದಲ್ಲಿ ಎಡ್ ಫಿಶರ್ ಆರಂಭಿಸಿದ ಬಿಗ್ ಗ್ರೀನ್ ಎಗ್ ಸಂಸ್ಥೆಯಿಂದ ಅದರ ಸೆರಾಮಿಕ್ ರೂಪ ಜನಪ್ರಿಯವಾಯಿತು. ದಪ್ಪ ಗೋಡೆ ಶಾಖವನ್ನು ಹೊರಗೆ ಬಿಡದಿರುವುದರಿಂದ 110 ಡಿಗ್ರಿಯಷ್ಟು ಕಡಿಮೆ ಕಾವನ್ನು ಸ್ವಲ್ಪವೇ ಇದ್ದಿಲಿನಲ್ಲಿ, ಸ್ವಲ್ಪವೇ ಗಾಳಿಯಲ್ಲಿ ಹಲವು ಗಂಟೆ ಉಳಿಸಿಕೊಳ್ಳುವುದು ಈ ಒಲೆಯ ಹೆಚ್ಚುಗಾರಿಕೆ. ಅದಕ್ಕೆ ತಕ್ಕಂತೆ ಗಾಳಿಯ ದಾರಿಯೂ ಕಿರಿದಾಗಿಯೇ ಇದೆ. ಕೆಳಬಾಗಿಲಿನಿಂದ ಒಳಬಂದ ಗಾಳಿ ಬೂದಿ ಬೀಳುವ ಜಾಗವನ್ನು ಹಾದು, ಕೆಂಡದ ಜಾಲರಿಯ ತೂತುಗಳಿಂದಲೂ ಇದ್ದಿಲು ತುಂಬುವ ಬೆಂಕಿಗೂಡಿನ ಪಕ್ಕದ ರಂಧ್ರಗಳಿಂದಲೂ ಮೇಲೇರಿ, ಇದ್ದಿಲಿನ ತುಂಡುಗಳ ಸಂದಿಯಲ್ಲಿ ನುಸುಳಿ, ಕೊನೆಗೆ ಮೇಲ್ಕಿಂಡಿಯಿಂದ ಹೊರಹೋಗಬೇಕು. ಇದರಲ್ಲಿ ಒಂದು ಕಡೆ ಅಡ್ಡಿಯಾದರೂ ಉಳಿದದ್ದನ್ನೆಲ್ಲ ತೆರೆದಿಟ್ಟು ಪ್ರಯೋಜನವಿಲ್ಲ.

ಈ ಗಾಳಿಯನ್ನು ಎಳೆಯುವ ಬಲ ಎಷ್ಟೆಂದು ಲೆಕ್ಕ ಹಾಕಿದರೆ ಸಮಸ್ಯೆಯ ಮೂಲ ಕಾಣುತ್ತದೆ. ಒಳಗಿನ ಬಿಸಿ ಗಾಳಿ ಹೊರಗಿನ ಗಾಳಿಗಿಂತ ಹಗುರವಾಗಿರುವುದೇ ಸೆಳೆತಕ್ಕೆ ಕಾರಣ. ಕೆಂಡದಿಂದ ಮೇಲ್ಕಿಂಡಿಯವರೆಗೆ ಅರ್ಧ ಮೀಟರ್ ಎತ್ತರ, ಒಳಗೆ 250 ಡಿಗ್ರಿ, ಹೊರಗೆ 27 ಡಿಗ್ರಿ ಎಂದಿಟ್ಟುಕೊಂಡರೆ ಒತ್ತಡದ ವ್ಯತ್ಯಾಸ ಸುಮಾರು 2.5 ಪ್ಯಾಸ್ಕಲ್ ಮಾತ್ರ, ಅಂದರೆ ಕಾಲು ಮಿಲಿಮೀಟರ್ ನೀರಿನ ಎತ್ತರಕ್ಕೆ ಸಮ. ಇಷ್ಟು ಅಲ್ಪ ಬಲಕ್ಕೆ ಒಂದು ಹಿಡಿ ಇದ್ದಿಲಪುಡಿಯೇ ದೊಡ್ಡ ತಡೆ. ಅತ್ತ ಬೆಂಕಿಯ ಬೇಡಿಕೆಯೇನೂ ಸಣ್ಣದಲ್ಲ: 1 ಕಿಲೊ ಇಂಗಾಲ ಪೂರ್ಣವಾಗಿ ಉರಿಯಲು ಸುಮಾರು 11.5 ಕಿಲೊ ಗಾಳಿ, ಅಂದರೆ ಒಂಬತ್ತು ಹತ್ತು ಘನ ಮೀಟರ್ ಗಾಳಿ ಬೇಕು. ಗಾಳಿ ಸಾಲದಿದ್ದರೆ ಇಂಗಾಲದ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಆಗಿ ಅರೆ ಉರಿಯುತ್ತದೆ. ಹಾಗೆ ಉರಿದ ಪಾಲಿನಿಂದ ಸಿಗುವ ಶಾಖ ಪೂರ್ಣ ದಹನದ ಶಾಖದ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಒಲೆಯ ತುಂಬ ಇದ್ದಿಲಿದ್ದೂ ಕಾವು ಏರದಿರುವುದು ಹೀಗೆ.

ಸೆಳೆತವೂ ಕಾವೂ ಒಂದನ್ನೊಂದು ಅವಲಂಬಿಸಿವೆ ಎಂಬುದನ್ನೂ ಗಮನಿಸಬೇಕು. ಕಾವು ಏರಿದಷ್ಟೂ ಸೆಳೆತ ಹೆಚ್ಚುತ್ತದೆ, ಸೆಳೆತ ಹೆಚ್ಚಿದಷ್ಟೂ ಕಾವು ಏರುತ್ತದೆ. ಆರಂಭದಲ್ಲೇ ದಾರಿ ಕಟ್ಟಿಕೊಂಡರೆ ಈ ಏರಿಕೆ ಶುರುವಾಗುವುದೇ ಇಲ್ಲ. ಒಮ್ಮೆ ಶುರುವಾದ ಮೇಲೆ ತಡೆಯುವುದೂ ಅಷ್ಟೇ ಕಷ್ಟ.

ಪರೀಕ್ಷೆಯ ಕ್ರಮ

ಎಲ್ಲಕ್ಕಿಂತ ಮೊದಲು ಥರ್ಮಾಮೀಟರನ್ನು ಸಂಶಯಿಸುವುದು ಒಳ್ಳೆಯದು, ಏಕೆಂದರೆ ಈ ಪರೀಕ್ಷೆಗೆ ಐದು ನಿಮಿಷ ಸಾಕು. ಅದನ್ನು ಬಿಚ್ಚಿ ಅದರ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಮಂಗಳೂರಿನಲ್ಲಿ ಮುಳ್ಳು 100 ಡಿಗ್ರಿ ತೋರಿಸಬೇಕು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಆದ್ದರಿಂದ ಅಲ್ಲಿ 97 ಸರಿಯಾದ ಉತ್ತರ. ವ್ಯತ್ಯಾಸ ಕಂಡರೆ ಹಲವು ಮಾದರಿಗಳಲ್ಲಿ ಹಿಂಬದಿಯ ನಟ್ಟನ್ನು ತಿರುಗಿಸಿ ಸರಿಪಡಿಸಬಹುದು. ಎತ್ತರದ ಊರಿನಲ್ಲಿ ಗಾಳಿಯೂ ತೆಳು ಎಂಬುದು ನಿಜವಾದರೂ, ಬೆಂಗಳೂರಿನ ಎತ್ತರಕ್ಕೆ ಆಗುವ ಕೊರತೆ ಹತ್ತನೇ ಒಂದು ಭಾಗದಷ್ಟು. 350 ಡಿಗ್ರಿ ಮುಟ್ಟಬೇಕಾದ ಒಲೆ 200ಕ್ಕೆ ನಿಲ್ಲುವುದಕ್ಕೆ ಅದನ್ನು ಕಾರಣವಾಗಿ ಹೇಳಲಾಗದು.

ಎರಡನೆಯ ಪರೀಕ್ಷೆ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು. ಮುಚ್ಚಳವನ್ನು ನಿಧಾನವಾಗಿ ತೆರೆದು ಕೆಲವು ನಿಮಿಷ ಹಾಗೆಯೇ ಬಿಟ್ಟು ಕೆಂಡವನ್ನು ನೋಡಬೇಕು. ಮಂಕಾಗಿದ್ದ ಕೆಂಡ ತೆರೆದ ಕೂಡಲೇ ಬೆಳಗಿ, ಮುಚ್ಚಿದ ಮೇಲೆ ಮತ್ತೆ ಮಂಕಾದರೆ ಇದ್ದಿಲಿನಲ್ಲಿ ದೋಷವಿಲ್ಲ, ಕೆಳಗಿನ ಗಾಳಿಯೇ ಬರುತ್ತಿಲ್ಲ ಎಂದರ್ಥ. ತೆರೆದಿಟ್ಟರೂ ಬೆಳಗದಿದ್ದರೆ ಇದ್ದಿಲು ತೇವವಾಗಿರಬಹುದು, ಸಾಲದಿರಬಹುದು, ಅಥವಾ ಬೆಂಕಿ ಒಂದೇ ಮೂಲೆಯಲ್ಲಿ ಹೊತ್ತಿರಬಹುದು. ಆ ಬಳಿಕ ಮುಚ್ಚಳ ಹಾಕಿ, ಮೇಲ್ಕಿಂಡಿಯ ಬಿಲ್ಲೆಯನ್ನು ಕೈಗವಸು ತೊಟ್ಟು ಪೂರ್ತಿ ತೆಗೆಯಬೇಕು. ಆಗ ಕಾವು ಏರತೊಡಗಿದರೆ ಅಡ್ಡಿ ಮೇಲಿದೆ, ಬಹುಶಃ ಮಸಿ ಮತ್ತು ಜಿಡ್ಡು ಕಟ್ಟಿಕೊಂಡಿದೆ. ಏರದಿದ್ದರೆ ಕೊಕ್ಕೆಯಂತೆ ಬಗ್ಗಿಸಿದ ಗಟ್ಟಿ ತಂತಿಯನ್ನು ಕೆಳಬಾಗಿಲಿನಿಂದ ತೂರಿಸಿ, ಜಾಲರಿಯ ತೂತುಗಳನ್ನು ಕೆಳಗಿನಿಂದ ಮೇಲಕ್ಕೆ ಚುಚ್ಚಬೇಕು. ಬೂದಿಯೂ ಪುಡಿಯೂ ಉದುರಿ, ಸ್ವಲ್ಪ ಹೊತ್ತಿನಲ್ಲೇ ಮುಳ್ಳು ಮೇಲೇಳುವುದು ಬಹಳ ಸಾಮಾನ್ಯ.

ತಂತಿಯಿಂದಲೂ ಫಲ ಸಿಗದಿದ್ದರೆ ಒಲೆ ಪೂರ್ತಿ ಆರಿದ ಮೇಲೆ ಒಳಗಿನ ಭಾಗಗಳನ್ನು ಹೊರತೆಗೆದು ನೋಡುವುದೊಂದೇ ದಾರಿ. ಬೆಂಕಿಗೂಡಿನ ಬುಡದಲ್ಲಿರುವ ತೆರಪು ಕೆಳಬಾಗಿಲಿಗೆ ನೇರವಾಗಿ ಇರಬೇಕು. ಒಲೆಯನ್ನು ಸ್ಥಳಾಂತರಿಸಿದಾಗ ಅಥವಾ ಶುಚಿಗೊಳಿಸಿದಾಗ ಅದು ತಿರುಗಿ, ಬಾಗಿಲು ಎಷ್ಟು ತೆರೆದರೂ ಗಾಳಿ ಗೋಡೆಗೆ ಬಡಿಯುವಂತಾಗಿರುತ್ತದೆ. ಬೆಂಕಿಗೂಡಿನ ಹೊರಮೈಗೂ ಒಲೆಯ ಒಳಮೈಗೂ ನಡುವೆ ಸೇರಿಕೊಂಡ ಬೂದಿಯನ್ನು ಹೆಚ್ಚಿನವರು ತೆಗೆಯುವುದೇ ಇಲ್ಲ. ಪಕ್ಕದ ರಂಧ್ರಗಳಿಗೆ ಗಾಳಿ ಹೋಗುವುದು ಆ ಸಂದಿಯಿಂದಲೇ. ಬೆಂಕಿಗೂಡಿನಲ್ಲಿ ಬಿರುಕು ಕಂಡರೆ ಗಾಬರಿ ಬೇಡ, ತುಂಡು ಮುರಿದು ದಾರಿಗೆ ಬೀಳದಿರುವವರೆಗೆ ಅದು ಕಾವನ್ನು ಕುಗ್ಗಿಸದು.

ಮುಚ್ಚಳದ ಅಂಚಿನ ಗ್ಯಾಸ್ಕೆಟ್ (ಗಾಳಿ ಸೋರದಂತೆ ತಡೆಯುವ ಪಟ್ಟಿ) ಸವೆದಿರುವುದೇ ಕಾವು ಏರದಿರಲು ಕಾರಣವೆಂದು ಹಲವರು ನಂಬಿ ಹೊಸದನ್ನು ಕೊಳ್ಳುತ್ತಾರೆ. ಸಣ್ಣ ಸೋರಿಕೆ ತೊಂದರೆ ಕೊಡುವುದು ಕಾವು ಇಳಿಸಬೇಕಾದಾಗ, ಬೆಂಕಿ ನಂದಿಸಬೇಕಾದಾಗ. ಏರಿಸುವಾಗ ಅದರ ಪಾತ್ರ ನಗಣ್ಯ.

ಇದ್ದಿಲಿನ ವಿಷಯ

ತುಂಡುಗಳ ಗಾತ್ರವೇ ಇಲ್ಲಿ ಮುಖ್ಯ. ಕಟ್ಟಿಗೆಹೊಟ್ಟು ತುಂಬುವ ಒಲೆಯಲ್ಲಿ ನಡುವೆ ಬಾಟಲಿ ನಿಲ್ಲಿಸಿ ಗಾಳಿಗೆ ಕೊಳವೆ ಬಿಡುವವರು ಯಾವ ತತ್ವವನ್ನು ಪಾಲಿಸುತ್ತಾರೋ ಇಲ್ಲೂ ಅದೇ: ಉರಿಯುವ ವಸ್ತುವಿನ ನಡುವೆ ಗಾಳಿಗೆ ಜಾಗ ಇರಬೇಕು. ಚೀಲವನ್ನು ಹಾಗೆಯೇ ಬೋರಲು ಹಾಕಿದರೆ ತಳದ ಪುಡಿಯೆಲ್ಲ ಸಂದಿಗಳಿಗೆ ಇಳಿಯುತ್ತದೆ. ದೊಡ್ಡ ತುಂಡುಗಳನ್ನು ಕೈಯಿಂದ ಜಾಲರಿಯ ಮೇಲೆ ಜೋಡಿಸಿ, ಅದರ ಮೇಲೆ ಮಧ್ಯಮ ಗಾತ್ರದವನ್ನು ಹಾಕಿ, ಬೆಂಕಿಗೂಡಿನ ಅಂಚಿನವರೆಗೆ ತುಂಬಬೇಕು. ಬಳ್ಳಾರಿ ಜಾಲಿಯಂಥ ಗಟ್ಟಿ ಮರದ ಇದ್ದಿಲು ಇದಕ್ಕೆ ಹೊಂದುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಹಾಕುವ ಸಣ್ಣ ಚೂರುಗಳಾಗಲಿ, ಬೂದಿ ಹೆಚ್ಚು ಬಿಡುವ ಅಗ್ಗದ ಇದ್ದಿಲು ಬಿಲ್ಲೆಗಳಾಗಲಿ ಹೆಚ್ಚಿನ ಕಾವಿಗೆ ತಕ್ಕವಲ್ಲ.

ತೇವದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 1 ಕಿಲೊ ಇದ್ದಿಲಿನಲ್ಲಿ 100 ಗ್ರಾಂ ನೀರಿದ್ದರೂ ಅದನ್ನು ಆವಿಯಾಗಿಸಲು ವ್ಯಯವಾಗುವುದು ಒಟ್ಟು ಶಾಖದ ಶೇಕಡಾ 1ರಷ್ಟು ಮಾತ್ರ. ನಿಜವಾದ ನಷ್ಟ ಬೇರೆ: ನೀರು ಆರುವವರೆಗೆ ತುಂಡಿನ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಬೆಂಕಿ ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ತಡವಾಗುತ್ತದೆ. ಹೊತ್ತಿಸುವಾಗ ಎರಡು ಮೂರು ಕಡೆ ಕಿಡಿ ಕೊಟ್ಟು, ಹತ್ತು ನಿಮಿಷ ಮುಚ್ಚಳ ತೆರೆದಿಟ್ಟರೆ ಈ ವಿಳಂಬವನ್ನು ಬಹುಪಾಲು ನೀಗಿಸಬಹುದು. ಸೀಮೆಎಣ್ಣೆಯಂಥ ದ್ರವಗಳನ್ನು ಮಾತ್ರ ಸುರಿಯಬಾರದು. ಸೆರಾಮಿಕ್ ಅದನ್ನು ಹೀರಿಕೊಂಡು ಮುಂದಿನ ಅಡುಗೆಗಳಿಗೂ ವಾಸನೆ ಹತ್ತಿಸುತ್ತದೆ.

ಇನ್ನು ಶಾಖ ತಡೆಯುವ ಕಲ್ಲಿನ ಫಲಕ. ನಿಧಾನ ಅಡುಗೆಗೆ ಇರಿಸಿದ ಫಲಕವನ್ನು ತೆಗೆಯಲು ಮರೆತರೆ ಕೆಂಡದ ನೇರ ಶಾಖ ಆಹಾರಕ್ಕೂ ಮುಚ್ಚಳಕ್ಕೂ ತಲುಪದು. ಫಲಕಕ್ಕಿಂತ ಅಗಲವಾದ ತಟ್ಟೆಯನ್ನೋ ಪಿಜ್ಜಾ ಕಲ್ಲನ್ನೋ ಮೇಲಿಟ್ಟರೆ ಸುತ್ತಲಿನ ಸಂದಿಯೂ ಮುಚ್ಚಿ, ಹೊಗೆ ಹೋಗಲು ದಾರಿಯಿಲ್ಲದೆ ಗಾಳಿ ಒಳಬರುವುದೂ ನಿಲ್ಲುತ್ತದೆ.

ದಾರಿ ತೆರೆದ ಮೇಲೆ

ಗಾಳಿಯಿಲ್ಲದೆ ಉಸಿರುಕಟ್ಟಿದ ಬೆಂಕಿಯ ಮೇಲೆ ಅರೆ ಉರಿದ ಅನಿಲಗಳು ತುಂಬಿರುತ್ತವೆ. ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಅವು ಭಗ್ಗನೆ ಹೊತ್ತಿ ಮುಖಕ್ಕೆ ರಾಚಬಹುದು. ಮೊದಲು ನಾಲ್ಕೈದು ಸೆಂಟಿಮೀಟರ್ ಮಾತ್ರ ಎತ್ತಿ, ಕೆಲವು ಕ್ಷಣ ತಡೆದು, ಆಮೇಲೆ ಪೂರ್ತಿ ತೆರೆಯಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಈ ಪರೀಕ್ಷೆಗಳನ್ನು ಮಾಡಲೇಕೂಡದು. ಬಿಸಿ ಒಲೆಗೆ ನೀರು ಹಾಕಿದರೆ ಸೆರಾಮಿಕ್ ಸೀಳುತ್ತದೆ.

ಅಡುಗೆ ಮುಗಿದ ಮೇಲೆ ಎರಡೂ ಕಿಂಡಿಗಳನ್ನು ಮುಚ್ಚಿದರೆ ಬೆಂಕಿ ತಾನಾಗಿ ನಂದಿ, ಉಳಿದ ಇದ್ದಿಲು ಮರುಬಳಕೆಗೆ ಸಿಗುತ್ತದೆ. ಮುಂದಿನ ಸಲ ಹೊಸ ಇದ್ದಿಲು ಹಾಕುವ ಮೊದಲು ಆ ಹಳೆಯದನ್ನು ಚೆನ್ನಾಗಿ ಕೆದಕಿ, ಬೂದಿಯನ್ನು ಕೆಳಗೆ ಉದುರಿಸಿ, ಕೆಳಬಾಗಿಲಿನಿಂದ ಗೋರಿ ತೆಗೆಯಬೇಕು. ಜಾಲರಿಯ ತೂತುಗಳಿಂದ ಬೆಳಕು ಕಾಣುವವರೆಗೆ ಹೊಸ ತುಂಡು ಹಾಕಬಾರದು.